ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್: ಬಳಸಿ ನೋಡಿದ ಮೇಲೆ

ಹಾಸನದ ಬಿ.ಎಂ. ರಸ್ತೆಯ ಔಷಧಿ ಅಂಗಡಿಯೊಂದರಲ್ಲಿ ಕಳೆದ ತಿಂಗಳು ಈ ಬಾಟಲಿಯನ್ನು ಕೊಂಡೆ. ಲೇಬಲ್ಲಿನ ಮೇಲೆ ಶೇ 6, 20 ವಾಲ್ಯೂಮ್ ಎಂದಿದೆ. ಅಂದರೆ ಒಂದು ಮಿಲಿಲೀಟರ್ ದ್ರಾವಣ ಪೂರ್ತಿ ಒಡೆದರೆ ಸುಮಾರು 20 ಮಿಲಿಲೀಟರ್ ಆಮ್ಲಜನಕ ಹೊರಬರುತ್ತದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಬಾಯಿಯ ಭಾಗಕ್ಕೆ ವಿಕಿರಣ ಚಿಕಿತ್ಸೆ ಪಡೆಯುತ್ತಿರುವ ನಮ್ಮ ದೊಡ್ಡಮ್ಮನವರ ಒಸಡಿನಿಂದ ಆಗಾಗ ರಕ್ತ ಒಸರಿ ದಿಂಬಿನ ಬಟ್ಟೆ ಕಲೆಯಾಗುತ್ತಿತ್ತು. ಪೆರಾಕ್ಸೈಡಿಗೆ ಅಷ್ಟೇ ನೀರು ಬೆರೆಸಿ ಆ ಕಲೆಯ ಮೇಲೆ ಹನಿಸಿದೊಡನೆ ಬಿಳಿ ನೊರೆ ಸುಯ್ಯೆಂದು ಎದ್ದಿತು. ಮೂರನೆಯ ಸಲ ಒರೆಸುವಷ್ಟರಲ್ಲಿ ಕಂದು ಗುರುತು ಉಳಿಯಲಿಲ್ಲ. ಬಣ್ಣದ ಬಟ್ಟೆಯಾದರೆ ಮೊದಲು ಮೂಲೆಯಲ್ಲಿ ಪರೀಕ್ಷಿಸಬೇಕು.

ಈ ವಿಮರ್ಶೆ ಬರೆಯಲು ಕಾರಣ ಆ ನೊರೆಯೇ. ಈ ಪೆರಾಕ್ಸೈಡನ್ನು ಡ್ರಿಪ್‌ನಲ್ಲಿ ಬೆರೆಸಿದರೆ ಗಡ್ಡೆಗೆ ಆಮ್ಲಜನಕ ಸಿಕ್ಕಿ ವಿಕಿರಣ ಚೆನ್ನಾಗಿ ನಾಟುತ್ತದೆ ಎಂದು ನೆಂಟರೊಬ್ಬರು ಒತ್ತಾಯಿಸಿದರು. ಆಮ್ಲಜನಕ ಕಡಿಮೆಯಿರುವ ಕ್ಯಾನ್ಸರ್ ಕೋಶಗಳನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ವಿಕಿರಣ ಬೇಕಾಗಬಹುದು ಎಂಬುದು ನಿಜ. ಆದರೆ ಬಟ್ಟೆಯ ಮೇಲೆ ನೊರೆ ಎಬ್ಬಿಸಿದ, ಕೆಂಪು ರಕ್ತಕಣಗಳೊಳಗಿನ ಕ್ಯಾಟಲೇಸ್ ಎಂಬ ಕಿಣ್ವವೇ ಮೈಯೊಳಗೂ ಇದೆ. ವಿಕಿರಣವು ಕೋಶದ ನೀರನ್ನು ಒಡೆದಾಗ ಹುಟ್ಟುವ ಅಲ್ಪ ಪೆರಾಕ್ಸೈಡನ್ನು ತೆರವುಗೊಳಿಸುವ ಕಿಣ್ವಗಳಲ್ಲಿ ಅದೂ ಒಂದು. ಹಾಗಿರುವಾಗ ರಕ್ತನಾಳಕ್ಕೆ ಹಾಕಿದ ಪೆರಾಕ್ಸೈಡ್ ಗಡ್ಡೆಯನ್ನು ತಲುಪುವ ಮೊದಲೇ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಆ ಅನಿಲದ ಗುಳ್ಳೆ ನಾಳಕ್ಕೆ ಅಡ್ಡಗಟ್ಟಿದರೆ ಪ್ರಾಣವೇ ಹೋಗಬಹುದು. ಕುಡಿಯುವುದೂ ಅಷ್ಟೇ ಅಪಾಯ.

ಜಪಾನಿನ ಕೋಚಿ ವಿಶ್ವವಿದ್ಯಾಲಯದ ವೈದ್ಯರು ರೂಪಿಸಿದ ವಿಧಾನ ಬೇರೆಯೇ. ಅಲ್ಲಿ ತೀರ ತೆಳುವಾದ ಪೆರಾಕ್ಸೈಡನ್ನು ಸೋಡಿಯಂ ಹೈಲುರೊನೇಟ್ ಎಂಬ ಅಂಟು ದ್ರವದಲ್ಲಿ ಬೆರೆಸಿ, ನಿಧಾನವಾಗಿ ಬಿಡುಗಡೆಯಾಗುವಂತೆ ನೇರವಾಗಿ ಗಡ್ಡೆಗೇ ಚುಚ್ಚುತ್ತಾರೆ. ಅದು ವೈದ್ಯರ ಕೈಯ ಕೆಲಸ, ಈ ಬಾಟಲಿಯದಲ್ಲ.

ಅಂಗಡಿಯವರು ಬಾಟಲಿ ಕೊಡುವ ಮೊದಲು, "ಏತಕ್ಕೆ ಬೇಕು ಸರ್? ಕುಡಿಯೋಕಲ್ಲ ತಾನೇ?" ಎಂದು ಕೇಳಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ತಯಾರಕರ ಬಗ್ಗೆ ನನ್ನ ದೂರು ಒಂದೇ: ಎಚ್ಚರಿಕೆಯ ಮಾತು ಸಾಸಿವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿದೆ, ಕನ್ನಡದಲ್ಲಿ ಒಂದು ಸಾಲೂ ಇಲ್ಲ. ನಾನೇ ಚೀಟಿಯೊಂದರಲ್ಲಿ "ಬಟ್ಟೆಗೆ ಮಾತ್ರ" ಎಂದು ಬರೆದು ಅಂಟಿಸಿ, ಬಾಟಲಿಯನ್ನು ದೊಡ್ಡಮ್ಮನವರ ಮಾತ್ರೆ ಡಬ್ಬಿಯ ಪಕ್ಕದಿಂದ ತೆಗೆದು ಸೋಪಿನ ಗೂಡಿಗೆ ಸೇರಿಸಿದ್ದೇನೆ.