ಹಳೇ ಡೊಮೇನಿಗೆ ಹೊಸ ಸರ್ವರ್ ಸೇರಿಸುವ ಮುಂಚೆ ಸಿಸ್‌ವಾಲ್ ನೋಡಿಕೊಳ್ಳಿ

ನಿಮ್ಮ ಆಫೀಸಿನ ಡೊಮೇನಿನಲ್ಲಿ, ಅಂದರೆ ಎಲ್ಲ ಯೂಸರ್, ಕಂಪ್ಯೂಟರುಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆಯಲ್ಲಿ, ಲಾಗಿನ್ ಪರಿಶೀಲಿಸುವ ಸರ್ವರ್ (ಡೊಮೇನ್ ಕಂಟ್ರೋಲರ್) ಇರುವುದು ಒಂದೇನಾ? ಅದೂ ವಿಂಡೋಸ್ ಸರ್ವರ್ 2003ರ ಕಾಲದಲ್ಲಿ ಶುರುವಾದ ಡೊಮೇನಾ? ಅದರ ಪಕ್ಕದಲ್ಲಿ ಬ್ಯಾಕಪ್‌ಗೆ ಇರಲಿ ಅಂತ ಹೊಸ ಸರ್ವರ್ ಹಾಕಿಸುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮಲ್ಲಿ ಹೊಸ ಸರ್ವರ್ ಬಂತು, ಕೆಲಸ ಮುಗಿದಿದೆ ಅಂತ ಕಾಗದದ ಮೇಲೆ ಸಹಿಯೂ ಆಯಿತು. ಹಳೇ ಸರ್ವರ್ ಕೈಕೊಟ್ಟ ದಿನ ಗೊತ್ತಾಗಿದ್ದು ಏನಂದರೆ, ಹೊಸದು ಒಂದು ದಿನವೂ ಬ್ಯಾಕಪ್ ಆಗಿ ನಿಂತಿರಲೇ ಇಲ್ಲ.

ಹೊಸ ಸರ್ವರ್ ಸೇರಿಸಿದ್ದು ಹೊರಗಿನ ಒಂದು ಏಜೆನ್ಸಿ. ನಾನು ಆ ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳಲು ಬಂದದ್ದು ಆಮೇಲೆ. ಹಳೇ ಯಂತ್ರದಲ್ಲಿ ವಿಂಡೋಸ್ ಸರ್ವರ್ 2008 ಆರ್2 ಇತ್ತು. ಹೊಸದಕ್ಕೆ ಮೊದಲು 2019 ಹಾಕಿ ಡೊಮೇನ್ ಕಂಟ್ರೋಲರ್ ಮಾಡಲು ಹೊರಟಿದ್ದಾರೆ. ಅದು ಒಪ್ಪಿಲ್ಲ. ಈ ಡೊಮೇನ್ ಇನ್ನೂ ಎಫ್‌ಆರ್‌ಎಸ್ (ಸಿಸ್‌ವಾಲ್ ಫೋಲ್ಡರನ್ನು ಸರ್ವರಿನಿಂದ ಸರ್ವರಿಗೆ ಕಾಪಿ ಮಾಡುವ ಹಳೇ ವ್ಯವಸ್ಥೆ) ಬಳಸುತ್ತಿದೆ, ಮೊದಲು ಅದರ ಜಾಗಕ್ಕೆ ಬಂದ ಹೊಸ ವ್ಯವಸ್ಥೆ ಡಿಎಫ್‌ಎಸ್‌ಆರ್‌ಗೆ ಬದಲಾಯಿಸಿ ಅಂತ ಸ್ಪಷ್ಟವಾಗಿ ಹೇಳಿ ನಿಂತಿದೆ. ಅವರು ಬದಲಾಯಿಸುವ ಗೋಜಿಗೇ ಹೋಗಲಿಲ್ಲ. 2019 ತೆಗೆದು 2016 ಹಾಕಿದರು. 2016 ಇದೇ ವಿಷಯಕ್ಕೆ ಬರೀ ಹಳದಿ ಎಚ್ಚರಿಕೆ ತೋರಿಸಿ ಮುಂದೆ ಬಿಡುತ್ತದೆ. ನೆಕ್ಸ್ಟ್ ಒತ್ತಿದರು, ಮುಗಿಸಿದರು. ಇದನ್ನು ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ. ಯಂತ್ರವೇ ಬಾಯಿಬಿಟ್ಟು ಹೇಳಿತ್ತು, ಅಲ್ವಾ?

ಇದು ಯಾಕೆ ಇಷ್ಟು ದೊಡ್ಡ ವಿಷಯ ಅಂತ ಹೇಳುತ್ತೇನೆ. ಡೊಮೇನ್ ಕಂಟ್ರೋಲರ್ರಿನಲ್ಲಿ ಎರಡು ಬೇರೆ ಬೇರೆ ಸಾಮಾನು ಇರುತ್ತವೆ. ಯೂಸರ್ ಅಕೌಂಟು, ಪಾಸ್‌ವರ್ಡು, ಕಂಪ್ಯೂಟರ್ ಹೆಸರು ಇವೆಲ್ಲ ಆಕ್ಟಿವ್ ಡೈರೆಕ್ಟರಿಯ ಡೇಟಾಬೇಸಿನಲ್ಲಿ. ಗ್ರೂಪ್ ಪಾಲಿಸಿಯ (ಎಲ್ಲ ಕಂಪ್ಯೂಟರುಗಳಿಗೆ ಅನ್ವಯಿಸುವ ನಿಯಮಗಳ) ಫೈಲುಗಳು, ಲಾಗಿನ್ ಸ್ಕ್ರಿಪ್ಟುಗಳು ಸಿಸ್‌ವಾಲ್ ಅನ್ನುವ ಫೋಲ್ಡರಿನಲ್ಲಿ. ಡೇಟಾಬೇಸ್ ಒಂದು ದಾರಿಯಲ್ಲಿ ಕಾಪಿ ಆಗುತ್ತದೆ, ಸಿಸ್‌ವಾಲ್ ಇನ್ನೊಂದು ದಾರಿಯಲ್ಲಿ. ಹಳೇ ಡೊಮೇನುಗಳಲ್ಲಿ ಆ ಎರಡನೇ ದಾರಿಯೇ ಎಫ್‌ಆರ್‌ಎಸ್. 2003ರಲ್ಲಿ ಹುಟ್ಟಿದ ಡೊಮೇನನ್ನು ನೀವು 2008 ಆರ್2ಗೆ ತಂದರೂ, ಫಂಕ್ಷನಲ್ ಲೆವೆಲ್ (ಡೊಮೇನ್ ಯಾವ ಆವೃತ್ತಿಯ ಮಟ್ಟದಲ್ಲಿ ನಡೆಯಬೇಕು ಅನ್ನುವ ಸೆಟ್ಟಿಂಗ್) ಏರಿಸಿದರೂ, ಯಾರಾದರೂ ಕೈಯಾರೆ ಬದಲಾಯಿಸುವವರೆಗೆ ಎಫ್‌ಆರ್‌ಎಸ್ಸೇ ಉಳಿಯುತ್ತದೆ. ಬಹಳ ಜನಕ್ಕೆ ಇದು ಗೊತ್ತಿರುವುದಿಲ್ಲ.

ನಮ್ಮ ಹಳೇ ಸರ್ವರಿನಲ್ಲಿ ಆ ಎಫ್‌ಆರ್‌ಎಸ್ ಮೊದಲೇ ಕೆಟ್ಟು ನಿಂತಿತ್ತು. ಇವೆಂಟ್ ಲಾಗ್‌ನಲ್ಲಿ 13568 ನಂಬರಿನ ಎರರ್, ಅಂದರೆ ಜರ್ನಲ್ ವ್ರ್ಯಾಪ್: ಫೈಲು ಬದಲಾವಣೆಗಳ ದಾಖಲೆಯ ಜಾಡು ಎಫ್‌ಆರ್‌ಎಸ್‌ಗೆ ತಪ್ಪಿಹೋಗಿರುತ್ತದೆ. ಒಂದೇ ಸರ್ವರ್ ಇದ್ದಾಗ ಕಾಪಿ ಮಾಡುವ ಕೆಲಸವೇ ಇಲ್ಲವಲ್ಲ, ಹಾಗಾಗಿ ಯಾರಿಗೂ ತೊಂದರೆ ಕಾಣಿಸಲಿಲ್ಲ. ಹೊಸ ಸರ್ವರ್ ಬಂದಾಗ ಡೇಟಾಬೇಸ್ ಚೆನ್ನಾಗಿ ಕಾಪಿ ಆಯಿತು. ಹೊಸ ಯಂತ್ರದಲ್ಲಿ ಯೂಸರ್ ಪಟ್ಟಿ ತೆರೆದರೆ ಎಲ್ಲರ ಹೆಸರೂ ಇದೆ. ಏಜೆನ್ಸಿಯವರು ತೋರಿಸಿದ್ದು ಇದನ್ನೇ. ಸಿಸ್‌ವಾಲ್ ಮಾತ್ರ ಬರಲೇ ಇಲ್ಲ. ಸಿಸ್‌ವಾಲ್ ತಯಾರಾಗದ ಸರ್ವರ್ ತಾನು ಡೊಮೇನ್ ಕಂಟ್ರೋಲರ್ ಅಂತ ನೆಟ್‌ವರ್ಕಿಗೆ ಹೇಳಿಕೊಳ್ಳುವುದಿಲ್ಲ. ಲಾಗಿನ್ ಕೇಳಿದರೆ ಉತ್ತರ ಕೊಡುವುದಿಲ್ಲ.

ಆಮೇಲೆ ಹಳೇ ಸರ್ವರಿನ ಪವರ್ ಸಪ್ಲೈ ಸುಟ್ಟಿತು. ತಮ್ಮ ಕಂಪ್ಯೂಟರಿನಲ್ಲಿ ಮುಂಚೆ ಲಾಗಿನ್ ಆಗಿದ್ದವರು ಹೇಗೋ ಒಳಗೆ ಹೋದರು. ಅದು ಆ ಕಂಪ್ಯೂಟರಿನಲ್ಲೇ ಉಳಿದಿದ್ದ ಹಳೇ ನೆನಪಿನಿಂದ ಅಷ್ಟೇ. ಶೇರ್ ಫೋಲ್ಡರ್ ತೆರೆಯಲಿಲ್ಲ, ಪ್ರಿಂಟರ್ ಸಿಗಲಿಲ್ಲ. ಬೇರೆ ಸೀಟಿನಲ್ಲಿ ಕೂತವರಿಗೆ ಲಾಗಿನ್ನೇ ಇಲ್ಲ. ಎಲ್ಲ ಕಂಪ್ಯೂಟರುಗಳ ಡಿಎನ್‌ಎಸ್ ಜಾಗದಲ್ಲಿ ಹಳೇ ಸರ್ವರಿನ ವಿಳಾಸ ಮಾತ್ರ ಇತ್ತು. ಹೊಸದರ ವಿಳಾಸ ಹಾಕಿ ನೋಡಿದೆ. ಡೊಮೇನ್ ಕಂಟ್ರೋಲರ್ ಸಿಗುತ್ತಿಲ್ಲ ಅಂತಲೇ ಬಂತು. ಹೊಸ ಸರ್ವರಿನಲ್ಲಿ ನೆಟ್ ಶೇರ್ ಕಮಾಂಡ್ ಕೊಟ್ಟೆ. ಡೊಮೇನ್ ಕಂಟ್ರೋಲರ್ ಹಂಚಿಕೊಳ್ಳಬೇಕಾದ ಸಿಸ್‌ವಾಲ್, ನೆಟ್‌ಲಾಗಾನ್ ಫೋಲ್ಡರುಗಳು ಎರಡೂ ಪಟ್ಟಿಯಲ್ಲಿ ಇರಲಿಲ್ಲ.

ಏಜೆನ್ಸಿಗೆ ಫೋನ್ ಮಾಡಿದರೆ, "ಸರ್, ಐದೂ ರೋಲನ್ನ ಹೊಸದಕ್ಕೆ ಸೀಜ್ ಮಾಡಿಬಿಡೋಣ, ಸರಿಹೋಗುತ್ತೆ" ಅಂದರು. ರೋಲ್ ಅಂದರೆ ಡೊಮೇನಿನಲ್ಲಿ ಒಂದೇ ಸರ್ವರ್ ಹೊರುವ ವಿಶೇಷ ಜವಾಬ್ದಾರಿ, ಸೀಜ್ ಅಂದರೆ ಹಳೇ ಸರ್ವರಿನ ಒಪ್ಪಿಗೆ ಇಲ್ಲದೆ ಅದನ್ನು ಕಿತ್ತುಕೊಳ್ಳುವುದು. ನಾನು ಬೇಡ ಅಂದೆ. ನಿಮಗೂ ಯಾರಾದರೂ ಹೀಗೆ ಹೇಳಿದರೆ ಒಪ್ಪಬೇಡಿ. ಸೀಜ್ ಮಾಡಿದ ಮೇಲೆ ಹಳೇ ಸರ್ವರನ್ನು ಮತ್ತೆ ನೆಟ್‌ವರ್ಕಿಗೆ ತರುವ ಹಾಗಿಲ್ಲ. ನಮ್ಮ ಪಾಲಿಸಿಗಳೆಲ್ಲ ಇದ್ದದ್ದು ಆ ಹಳೇ ಡಿಸ್ಕಿನಲ್ಲಿ ಮಾತ್ರ. ಡಿಸ್ಕಿಗೆ ಏನೂ ಆಗಿರಲಿಲ್ಲ. ಪವರ್ ಸಪ್ಲೈ ಹುಡುಕಿ ತಂದು ಹಾಕಿದೆವು, ಯಂತ್ರ ಎದ್ದಿತು.

ಇನ್ನೊಂದು ಗುಂಡಿ ಇದೆ, ಅದಕ್ಕೂ ಬೀಳಬೇಡಿ. 13568 ಎರರಿನ ಬರಹದಲ್ಲೇ ಒಂದು ರಿಜಿಸ್ಟ್ರಿ ಬದಲಾವಣೆ ಹೇಳಿರುತ್ತದೆ, ಜರ್ನಲ್ ವ್ರ್ಯಾಪನ್ನು ತಾನಾಗೇ ಸರಿಮಾಡುವಂಥದ್ದು. ಒಳ್ಳೇ ಕಾಪಿ ಒಂದೇ ಸರ್ವರಿನಲ್ಲಿ ಇರುವಾಗ ಅದನ್ನು ಮುಟ್ಟಲೇಬಾರದು. ಅದು ಇರುವ ಫೈಲುಗಳನ್ನು ಪಕ್ಕಕ್ಕೆ ಸರಿಸಿ, ಇನ್ನೊಂದು ಸರ್ವರಿನಿಂದ ಹೊಸದಾಗಿ ತರಲು ನೋಡುತ್ತದೆ. ಆ ಇನ್ನೊಂದು ಸರ್ವರ್ ಖಾಲಿ ಇದ್ದರೆ? ನಾನು ಮೊದಲು ಹಳೇ ಸರ್ವರಿನ ಸಿಸ್ಟಮ್ ಸ್ಟೇಟ್ (ಆಕ್ಟಿವ್ ಡೈರೆಕ್ಟರಿ, ರಿಜಿಸ್ಟ್ರಿ ಇತ್ಯಾದಿ) ಬ್ಯಾಕಪ್ ತೆಗೆದೆ. ಸಿಸ್‌ವಾಲ್ ಫೋಲ್ಡರನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿದೆ. ಎರಡೂ ಕಡೆ ಎಫ್‌ಆರ್‌ಎಸ್ ಸರ್ವಿಸ್ ನಿಲ್ಲಿಸಿದೆ. ರಿಜಿಸ್ಟ್ರಿಯ ಬರ್‌ಫ್ಲ್ಯಾಗ್ಸ್ ಅನ್ನುವ ಜಾಗದಲ್ಲಿ ಹಳೇದಕ್ಕೆ ಡಿ4, ಹೊಸದಕ್ಕೆ ಡಿ2 ಕೊಟ್ಟು, ಹಳೇದನ್ನು ಮೊದಲು ಚಾಲೂ ಮಾಡಿದೆ. ಡಿ4 ಅಂದರೆ ನನ್ನ ಬಳಿ ಇರುವುದೇ ಅಸಲಿ, ಡಿ2 ಅಂದರೆ ನಾನು ಇನ್ನೊಬ್ಬರಿಂದ ತಗೋತೀನಿ. ಇದು ಅದಲು ಬದಲಾದರೆ ಪಾಲಿಸಿಗಳು ಹೋದ ಹಾಗೇ. ಕೊನೆಗೆ ಹೊಸ ಸರ್ವರಿನ ಇವೆಂಟ್ ಲಾಗ್‌ನಲ್ಲಿ 13516 (ಇನ್ನು ಡೊಮೇನ್ ಕಂಟ್ರೋಲರ್ ಆಗಲು ಎಫ್‌ಆರ್‌ಎಸ್ ಅಡ್ಡಿ ಇಲ್ಲ ಅನ್ನುವ ಸಂದೇಶ) ಬಂತು, ಶೇರ್‌ಗಳೂ ಕಾಣಿಸಿದವು.

ಎಫ್‌ಆರ್‌ಎಸ್ ಆರೋಗ್ಯವಾದ ಮೇಲೇ ಡಿಎಫ್‌ಎಸ್‌ಆರ್‌ಮಿಗ್ ಕಮಾಂಡಿನಿಂದ ಡಿಎಫ್‌ಎಸ್‌ಆರ್‌ಗೆ ಹೋಗಬೇಕು. ಡೊಮೇನಿನ ಫಂಕ್ಷನಲ್ ಲೆವೆಲ್ ಕನಿಷ್ಠ 2008 ಇರಬೇಕು. 1, 2, 3 ಅಂತ ಹಂತಗಳಿವೆ. ಒಂದೊಂದು ಹಂತದಲ್ಲೂ ಎಲ್ಲ ಸರ್ವರುಗಳೂ ಅಲ್ಲಿಗೆ ಬಂದಿವೆಯಾ ಅಂತ ನೋಡಿ ಮುಂದೆ ಹೋಗಿ. 2ರವರೆಗೆ ಹಿಂದಕ್ಕೆ ಬರಬಹುದು, 3 ಆದ ಮೇಲೆ ಬರಲಾಗದು. ಅವಸರ ಬೇಡ.

2019ಕ್ಕೆ, 2022ಕ್ಕೆ ಈ ಬದಲಾವಣೆ ಇಲ್ಲದೆ ದಾರಿಯೇ ಇಲ್ಲ. 2025ಕ್ಕಂತೂ ಫಂಕ್ಷನಲ್ ಲೆವೆಲ್ಲೇ 2016 ಇರಬೇಕು. ಹಳೇದು 2003 ಆಗಿದ್ದರೆ ಎಸ್‌ಎಂಬಿ1 (ಫೈಲ್ ಹಂಚಿಕೆಯ ಹಳೇ ಪದ್ಧತಿ) ತಕರಾರೂ ಜೊತೆಗೆ ಬರುತ್ತದೆ. 2008 ಆರ್2ಗೆ ಎಕ್ಸ್‌ಟೆಂಡೆಡ್ ಸಪೋರ್ಟ್ ಕೂಡ 2020ರ ಜನವರಿಯಲ್ಲೇ ಮುಗಿದಿದೆ, ಹಾಗಾಗಿ ಹಳೇದು, ಹೊಸದು ಎರಡನ್ನೂ ಸುಮ್ನೆ ಜೊತೆಗೆ ಓಡಿಸುತ್ತ ಕೂರಬೇಡಿ. ಮತ್ತೆ, ಎರಡನೇ ಡೊಮೇನ್ ಕಂಟ್ರೋಲರ್ ಇದ್ದರೂ ಡೇಟಾದ ಬ್ಯಾಕಪ್ (ಬೇರೆ ಕಡೆ ಇಟ್ಟ ಕಾಪಿ) ಬೇಕೇ ಬೇಕು. ಒಂದರಲ್ಲಿ ಯಾರದೋ ಅಕೌಂಟ್ ಅಳಿಸಿದರೆ ಇನ್ನೊಂದರಲ್ಲೂ ಅಳಿಯುತ್ತದೆ.

ಏಜೆನ್ಸಿಯಿಂದ ಕೆಲಸ ಮಾಡಿಸುತ್ತಿದ್ದರೆ ಯೂಸರ್ ಪಟ್ಟಿ ನೋಡಿ ಸಹಿ ಹಾಕಬೇಡಿ. ಹೊಸ ಸರ್ವರಿನಲ್ಲಿ ಡಿಸಿಡಯಾಗ್ (ಡೊಮೇನ್ ಕಂಟ್ರೋಲರ್ ಸರಿಯಿದೆಯಾ ನೋಡುವುದು), ರೆಪ್‌ಅಡ್ಮಿನ್ (ಡೇಟಾಬೇಸ್ ಕಾಪಿ ಆಗುತ್ತಿದೆಯಾ ನೋಡುವುದು), ನೆಟ್ ಶೇರ್ ಈ ಮೂರು ಕಮಾಂಡುಗಳ ಫಲಿತಾಂಶ ನಿಮ್ಮ ಎದುರೇ ತೆಗೆಸಿ. ಡಿಸಿಡಯಾಗ್‌ನಲ್ಲಿ ಅಡ್ವರ್ಟೈಸಿಂಗ್ (ತಾನು ಡೊಮೇನ್ ಕಂಟ್ರೋಲರ್ ಅಂತ ಹೇಳಿಕೊಳ್ಳುತ್ತಿದೆಯಾ ಅನ್ನುವ) ಪರೀಕ್ಷೆ ಪಾಸ್ ಆಗಿರಬೇಕು. ಕಂಪ್ಯೂಟರುಗಳಿಗೆ ಎರಡೂ ಡಿಎನ್‌ಎಸ್ ವಿಳಾಸ ಸಿಗುವ ಹಾಗೆ ಮಾಡಿಸಿ. ಆಮೇಲೆ ಆಫೀಸ್ ಬಿಟ್ಟ ಹೊತ್ತಿನಲ್ಲಿ ಹಳೇ ಸರ್ವರಿನ ನೆಟ್‌ವರ್ಕ್ ಕೇಬಲ್ ಕಿತ್ತು, ಯಾವ ಕಂಪ್ಯೂಟರಿನಲ್ಲಿ ಒಬ್ಬರು ಯಾವತ್ತೂ ಲಾಗಿನ್ ಆಗಿಲ್ಲವೋ ಅದರಲ್ಲಿ ಅವರಿಂದ ಲಾಗಿನ್ ಮಾಡಿಸಿ. ಒಳಗೆ ಹೋಗಿ, ಪಾಲಿಸಿಯೂ ಬಂದರೆ ಆಗ ಸಹಿ ಹಾಕಿ.