ಪ್ಯಾರಾಥೈರಾಯ್ಡ್ ಆಪರೇಷನ್: ಸಣ್ಣ ಗಾಯಕ್ಕಿಂತ ನನಗೆ ಮುಖ್ಯವಾಗಿದ್ದು ನಡುವಿನ ರಕ್ತಪರೀಕ್ಷೆ

ಈ ಚಿಕಿತ್ಸೆಯ ಬಗ್ಗೆ ವಿಚಾರಿಸುವವರೆಲ್ಲ ಮೊದಲು ಕೇಳುವುದು ಗಾಯದ ಗುರುತು ಎಷ್ಟು ಉದ್ದ ಅಂತ. ನನ್ನದು ಎರಡೂವರೆ ಸೆಂಟಿಮೀಟರ್. ಕತ್ತಿನ ಮಡಿಕೆಯಲ್ಲೇ ಸೇರಿಕೊಂಡಿದೆ, ಹತ್ತಿರದಿಂದ ಹುಡುಕಿದರಷ್ಟೇ ಕಾಣುತ್ತದೆ. ಆದರೆ ನಾನು ಪೂರ್ತಿ ಅಂಕ ಕೊಡುವುದು ಅದಕ್ಕಲ್ಲ. ಹೊಲಿಗೆ ಹಾಕುವ ಮೊದಲು ಸರ್ಜನ್ ರಕ್ತಪರೀಕ್ಷೆಯ ಫಲಿತಾಂಶಕ್ಕಾಗಿ ಕಾದರಲ್ಲ, ಅದಕ್ಕೆ.

ಪ್ಯಾರಾಥೈರಾಯ್ಡ್ ಗ್ರಂಥಿಗಳು ಸಾಮಾನ್ಯವಾಗಿ ನಾಲ್ಕು, ಥೈರಾಯ್ಡ್‌ನ ಬೆನ್ನಿಗೆ ಅಂಟಿಕೊಂಡು ಅಕ್ಕಿ ಕಾಳಿನಷ್ಟು ಇರುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿದರೆ ಇವು ತಮ್ಮ ಹಾರ್ಮೋನು ಪಿಟಿಎಚ್ ಅನ್ನು ಇಳಿಸಬೇಕು. ನನಗೆ ಎರಡೂ ಏರಿದ್ದವು: ಕ್ಯಾಲ್ಸಿಯಂ 11.4, ಪಿಟಿಎಚ್ 148. ಅಂದರೆ ಗ್ರಂಥಿಯೊಂದು ಅತಿಯಾಗಿ ದುಡಿಯುತ್ತಿತ್ತು, ಅದನ್ನು ತೆಗೆಯುವುದೇ ಈ ಆಪರೇಷನ್. ಕಿಡ್ನಿಯಲ್ಲಿ ಕಲ್ಲು, ಮೂಳೆ ಸವೆತ, ಜೊತೆಗೆ ಮಲಗಿ ಎದ್ದರೂ ಹೋಗದ ಸುಸ್ತು. ಇಷ್ಟಿದ್ದರೂ ಮೊದಲು ತೋರಿಸಿದ ಕಡೆ ಅಲ್ಟ್ರಾಸೌಂಡ್‌ನಲ್ಲಿ ಏನೂ ಕಾಣಲಿಲ್ಲವೆಂದು ಕಾಯಿಲೆಯೇ ಇಲ್ಲ ಎಂದು ಕಳಿಸಿಬಿಟ್ಟರು. ಇದು ತಪ್ಪು. ಕಾಯಿಲೆ ಇದೆಯೋ ಇಲ್ಲವೋ ಹೇಳುವುದು ರಕ್ತ. ಸ್ಕ್ಯಾನ್ ಹೇಳುವುದು ಗ್ರಂಥಿ ಎಲ್ಲಿದೆ ಅಂತ ಮಾತ್ರ.

ಆಪರೇಷನ್ ಮಾಡಿದ ಆಸ್ಪತ್ರೆಯಲ್ಲಿ ಮೊದಲು 24 ಗಂಟೆಯ ಮೂತ್ರ ಹಿಡಿಸಿದರು. ಇದೇ ರೀತಿ ಕ್ಯಾಲ್ಸಿಯಂ ಏರಿಸುವ, ಆದರೆ ಆಪರೇಷನ್‌ನಿಂದ ಪ್ರಯೋಜನವಾಗದ ವಂಶಪಾರಂಪರ್ಯ ತೊಂದರೆಯೊಂದಿದೆ, ಅದಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ಆಮೇಲೆ ಮತ್ತೊಮ್ಮೆ ಅಲ್ಟ್ರಾಸೌಂಡ್, ಜೊತೆಗೆ ಸೆಸ್ಟಾಮಿಬಿ ಸ್ಕ್ಯಾನ್. ವಿಕಿರಣ ಸೂಸುವ ಟೆಕ್ನೀಷಿಯಂ ಬೆರೆತ ಔಷಧಿ ಚುಚ್ಚಿ, ತಕ್ಷಣ ಒಂದು ಸಲ, ಗಂಟೆಗಳು ಕಳೆದ ಮೇಲೆ ಇನ್ನೊಂದು ಸಲ ಚಿತ್ರ ತೆಗೆಯುತ್ತಾರೆ. ಥೈರಾಯ್ಡ್‌ನಿಂದ ಔಷಧಿ ಇಳಿದುಹೋಗಿರುತ್ತದೆ, ಅತಿಯಾಗಿ ದುಡಿಯುವ ಗ್ರಂಥಿ ಮಾತ್ರ ಅದನ್ನು ಹಿಡಿದುಕೊಂಡಿರುತ್ತದೆ. ಎಡಗಡೆ ಕೆಳಗಿನದು ಅಂತ ಎರಡೂ ಸ್ಕ್ಯಾನ್ ಹೇಳಿದವು. ಸಣ್ಣ ಸೀಳು ಸಾಧ್ಯವಾಗಿದ್ದೇ ಇದರಿಂದ. ಹಿಂದೆ ಈ ಅನುಕೂಲ ಎಲ್ಲಿತ್ತು? ಚಾರ್ಲ್ಸ್ ಮಾರ್ಟೆಲ್ ಎಂಬ ಅಮೆರಿಕದ ಹಡಗಿನ ಕ್ಯಾಪ್ಟನ್‌ಗೆ ಕೆಟ್ಟ ಗ್ರಂಥಿ ಸಿಕ್ಕಿದ್ದು 1932ರಲ್ಲಿ, ಏಳನೇ ಆಪರೇಷನ್‌ನಲ್ಲಿ, ಅದೂ ಕತ್ತಿನಲ್ಲಲ್ಲ, ಎದೆಯೊಳಗೆ. ಓದಿದಾಗ ಹೊಟ್ಟೆ ತೊಳಸಿತು.

ಇನ್ನು ಆ ರಕ್ತಪರೀಕ್ಷೆ. ಪಿಟಿಎಚ್ ರಕ್ತದಲ್ಲಿ ಕೆಲವೇ ನಿಮಿಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಗ್ರಂಥಿ ತೆಗೆದು 10 ನಿಮಿಷಕ್ಕೆ ರಕ್ತ ತೆಗೆದರೆ ಮಟ್ಟ ಅರ್ಧಕ್ಕಿಂತ ಕೆಳಗೆ ಬಂದಿರಬೇಕು. ಬರದಿದ್ದರೆ ಇನ್ನೊಂದು ಗ್ರಂಥಿಯೂ ಕೆಟ್ಟಿರಬಹುದು, ಹುಡುಕಾಟ ಮುಂದುವರಿಸಬೇಕು. ನನ್ನದು 162ರಿಂದ 31ಕ್ಕೆ ಇಳಿಯಿತು. ಲ್ಯಾಬಿನಿಂದ ಆ ಅಂಕಿ ಬರುವವರೆಗೆ ಸರ್ಜನ್ ಗಾಯ ಮುಚ್ಚಲಿಲ್ಲ. ಇನ್ನೊಮ್ಮೆ ಕತ್ತು ಕೊಯ್ಯಿಸಿಕೊಳ್ಳುವ ಭಯ ನನಗೆ ಅಲ್ಲಿಗೇ ಮುಗಿಯಿತು.

ಪಾಠ ಹೇಳಿಯೇ ಬದುಕುವವಳು ನಾನು. ಧ್ವನಿತಂತುವಿನ ನರ ಈ ಗ್ರಂಥಿಗಳ ಪಕ್ಕದಲ್ಲೇ ಹಾಯುತ್ತದೆ ಎಂದು ತಿಳಿದಾಗಿನಿಂದ ನಿದ್ದೆ ಇರಲಿಲ್ಲ. ಮುಂಚೆಯೇ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಧ್ವನಿತಂತು ಆಡುವುದನ್ನು ನೋಡಿದರು, ಎಚ್ಚರವಾದ ತಕ್ಷಣ ಹೆಸರು ಹೇಳಿಸಿದರು. ಉಸಿರಾಟದ ಟ್ಯೂಬಿನಿಂದ ಸ್ವಲ್ಪ ದಿನ ಗಂಟಲು ಕಟ್ಟಿತ್ತು, ಅಷ್ಟೇ. ಈಗ ಕೊನೆಯ ಬೆಂಚಿಗೂ ಕೇಳುತ್ತದೆ.

ಒಂದು ಅಂಕ ಕಡಿಮೆ ಕೊಡುತ್ತಿರುವುದು ಡಿಸ್ಚಾರ್ಜ್‌ಗೆ. ಇಷ್ಟು ಕಾಲ ಸುಮ್ಮನಿದ್ದ ಉಳಿದ ಗ್ರಂಥಿಗಳು ಚುರುಕಾಗುವವರೆಗೆ ಕ್ಯಾಲ್ಸಿಯಂ ತೀರಾ ಇಳಿಯಬಹುದು. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುವುದು ಅದರ ಸೂಚನೆ. ಚೀಟಿಯಲ್ಲಿ ‘ಅಗತ್ಯವಿದ್ದರೆ ಬನ್ನಿ’ ಎಂದಷ್ಟೇ ಇತ್ತು. ರಾತ್ರಿ ತುಟಿ ಜುಮ್ಮೆಂದಾಗ ಫೋನ್ ಎತ್ತುವವರೂ ಇರಲಿಲ್ಲ. ಎಷ್ಟು ಮಾತ್ರೆ, ಯಾವಾಗ ಹೆಚ್ಚಿಸಬೇಕು, ಯಾರಿಗೆ ಫೋನ್ ಮಾಡಬೇಕು, ಎಲ್ಲವನ್ನೂ ಬರೆಸಿಕೊಂಡೇ ಹೊರಡಿ.

ಆಸ್ಪತ್ರೆ ಆರಿಸುವಾಗ ಎರಡು ಕೇಳಿ: ಆಪರೇಷನ್ ನಡುವೆ ಪಿಟಿಎಚ್ ನೋಡುತ್ತೀರಾ? ಸರ್ಜನ್ ವರ್ಷಕ್ಕೆ ಇಂಥವು ಎಷ್ಟು ಮಾಡುತ್ತಾರೆ? ಸ್ಕ್ಯಾನ್ ಜಾಗ ತೋರಿಸದಿದ್ದರೆ ನಾಲ್ಕನ್ನೂ ನೋಡುವ ದೊಡ್ಡ ಆಪರೇಷನ್ ಬೇಕಾಗಬಹುದು. ಪಳಗಿದ ಕೈಯಾದರೆ ಅದೂ ಚೆನ್ನಾಗಿಯೇ ಆಗುತ್ತದೆ, ಸಣ್ಣ ಸೀಳೇ ಬೇಕೆಂದು ಹಟ ಹಿಡಿಯಬೇಡಿ. ಗುಣವಾಯಿತೆಂದು ವೈದ್ಯರು ಬರೆಯುವುದು ಆರು ತಿಂಗಳ ನಂತರವೂ ಕ್ಯಾಲ್ಸಿಯಂ ಸರಿಯಾಗಿದ್ದರೆ. ನನ್ನದು 9.5 ಬಂದಿದೆ. ಮೂಳೆಯ ಸ್ಕ್ಯಾನ್ ಇನ್ನೂ ಬಾಕಿ ಇದೆ.