ಹಾಡಿಗೊಂದು, ಮಾತಿಗೊಂದು: ಎರಡೆರಡು ಬೇಕಾ?

ದಿನಾ ಅರ್ಧ ಗಂಟೆ ಬಸ್ಸಿನಲ್ಲಿ ಹಾಡು ಕೇಳುವವರಿಗೆ ಸ್ಮಾರ್ಟ್‌ಫೋನೇ ಧಾರಾಳವಾಯಿತು, ಹಾಡಿಗೆಂದೇ ಬೇರೆ ಮ್ಯೂಸಿಕ್ ಪ್ಲೇಯರ್ ಬೇಕಿಲ್ಲ. ಜೇಬಿನಲ್ಲಿ ಒಂದೇ ಸಾಮಾನು, ಒಂದೇ ಚಾರ್ಜರ್. 2001ರಲ್ಲಿ ‘ಸಾವಿರ ಹಾಡು ಜೇಬಿನಲ್ಲಿ’ ಎಂದು ಬಂದ ಐಪಾಡ್ ಎಂಬ ಪ್ಲೇಯರನ್ನು ಆಪಲ್ 2022ರಲ್ಲಿ ನಿಲ್ಲಿಸಿಯೇಬಿಟ್ಟಿತು. ಅಷ್ಟರಲ್ಲಿ ಅದರ ಕೆಲಸವನ್ನೆಲ್ಲ ಐಫೋನ್ ನುಂಗಿತ್ತು.

ತೊಡಕಿರುವುದು ದೂರದ ಪ್ರಯಾಣದಲ್ಲಿ. ಸಕಲೇಶಪುರ ದಾಟಿ ರೈಲು ಘಾಟಿಗೆ ಇಳಿಯಿತೆಂದರೆ ಸುರಂಗದ ಮೇಲೆ ಸುರಂಗ. ಸಿಗ್ನಲ್ ಹೋಗಿ ಆಲಾಪನೆ ಅರ್ಧಕ್ಕೇ ಗಕ್ಕನೆ ನಿಲ್ಲುತ್ತದೆ. ಡೌನ್‌ಲೋಡ್ ಮಾಡಿಟ್ಟುಕೊಂಡರೆ ಆ ಕಾಟವಿಲ್ಲ, ಸರಿ. ಆದರೆ ಸಿಗ್ನಲ್ ಬಂದ ಕೂಡಲೇ ಬಾಕಿಯಿದ್ದ ವಾಟ್ಸ್‌ಆಪ್ ಮೆಸೇಜುಗಳೆಲ್ಲ ಟಿಂಗ್ ಟಿಂಗ್! ಒಮ್ಮೆ ಸ್ಟೇಷನ್ನಿನಲ್ಲಿ ಇಳಿದು ಆಟೋದವರಿಗೆ ಯುಪಿಐ ಮಾಡೋಣವೆಂದರೆ ನನ್ನ ಫೋನು ಸತ್ತು ಮಲಗಿತ್ತು. ಹಾಡೇ ಬ್ಯಾಟರಿ ತಿಂದಿತ್ತು ಅನ್ನಲಾರೆ, ಜೊತೆಗೆ ರೀಲ್ಸೂ ನೋಡಿದ್ದೆ.

ಬೇರೆ ಪ್ಲೇಯರ್ ಇದ್ದರೆ ಫೋನಿನ ಚಾರ್ಜು ಉಳಿಯುತ್ತದೆ. ಬಟನ್ ಇರುವಂಥದ್ದಾದರೆ ಜೇಬಿಗೆ ಕೈಹಾಕಿ ತಡವಿಯೇ ಹಾಡು ಬದಲಿಸಬಹುದು. ಒಳ್ಳೆಯ ಗುಣಮಟ್ಟದ (320 ಕೆಬಿಪಿಎಸ್) ಎಂಪಿ3ಯಲ್ಲಿ ನಾಲ್ಕು ನಿಮಿಷದ ಹಾಡಿಗೆ ಸುಮಾರು 10 ಎಂಬಿ. 32 ಜಿಬಿ ಮೆಮೊರಿ ಕಾರ್ಡಿನಲ್ಲಿ ಮೂರು ಸಾವಿರ ಹಾಡು ಕೂರುತ್ತವೆ. ಹಳೆಯ ವೈರಿನ ಇಯರ್‌ಫೋನಿಗೂ ಸಾಮಾನ್ಯವಾಗಿ ತೂತು ಇರುತ್ತದೆ. ಆದರೆ ಹಾಡುಗಳನ್ನು ನೀವೇ ಕಂಪ್ಯೂಟರಿನಿಂದ ತುಂಬಬೇಕು, ಸಿಡಿಯಿಂದ ಇಳಿಸಿದಾಗ ಬರೀ ‘ಟ್ರ್ಯಾಕ್ 07’ ಎಂದು ಬರುವ ಹಾಡುಗಳಿಗೆ ಹೆಸರಿಡಬೇಕು. ಸ್ಟ್ರೀಮಿಂಗ್ ಆಪ್‌ನಲ್ಲಿ ಇಳಿಸಿಕೊಂಡ ಹಾಡು ಸಾಮಾನ್ಯವಾಗಿ ಇದಕ್ಕೆ ಬರುವುದಿಲ್ಲ.

ನಿಮ್ಮ ಹತ್ತಿರ ಹಳೆಯ ಸಿಡಿಗಳ ರಾಶಿಯಿದ್ದರೆ ಪ್ಲೇಯರ್ ಕೊಳ್ಳಿ. ಇಲ್ಲದಿದ್ದರೆ ಆ ದುಡ್ಡಿಗೆ ಒಂದು ಪವರ್ ಬ್ಯಾಂಕ್ ಮತ್ತು ಒಳ್ಳೆಯ ಇಯರ್‌ಫೋನ್.